ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಮೈದಾನದಿಂದ ಹೊರಗಿಡಬೇಡಿ

ಸಂಪಾದಕರಿಗೆ,

ಮಾನ್ಯರೆ,

ಜೂನ್ ತಿಂಗಳ ಮೊದಲ ಪೋಷಕರ ಸಭೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಈ ಸಲ ಟೆಂತು. ಆಟ, ಡ್ಯಾನ್ಸು, ಟೂರು ಒಂದೂ ಬೇಡ. ಬರೀ ಓದಲಿ.’ ಕೆಲವು ಕಡೆ ಶಾಲೆಯವರೇ ಇದನ್ನು ಹೇಳುತ್ತಾರೆ, ಕೆಲವು ಕಡೆ ಪೋಷಕರು. ಎದುರಾಡುವವರು ಯಾರೂ ಇರುವುದಿಲ್ಲ. ಅಲ್ಲಿಗೆ ಹತ್ತನೇ ತರಗತಿಯ ಹೆಸರುಗಳು ಕ್ರೀಡಾಕೂಟದ ಪಟ್ಟಿಯಿಂದಲೂ ಪ್ರತಿಭಾ ಕಾರಂಜಿಯ ಪಟ್ಟಿಯಿಂದಲೂ ಹೊರಗೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಣ್ಣ ಊರುಗಳಲ್ಲಿ ಹತ್ತನೇ ತರಗತಿಯ ಹೊಣೆ ಹೊತ್ತಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಈ ತೀರ್ಮಾನ ತಪ್ಪು. ತಪ್ಪು ಎಂದಷ್ಟೇ ಹೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ಓದನ್ನೂ ಚಟುವಟಿಕೆಯನ್ನೂ ಒಂದೇ ವರ್ಷದಲ್ಲಿ ಹೇಗೆ ಕೂಡಿಸಬಹುದು ಎಂಬುದನ್ನು ಲೆಕ್ಕ ಸಮೇತ ಹೇಳುವುದು ನಮ್ಮ ಉದ್ದೇಶ.

ಮೊದಲು ದಿನಗಳ ಲೆಕ್ಕ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಒಂದು ದಿನ, ಗೆದ್ದರೆ ತಾಲ್ಲೂಕಿಗೆ ಎರಡು ದಿನ. ಪ್ರತಿಭಾ ಕಾರಂಜಿಗೆ ಕ್ಲಸ್ಟರ್‌ನಲ್ಲಿ ಒಂದು ದಿನ, ತಾಲ್ಲೂಕಿನಲ್ಲಿ ಒಂದು ದಿನ. ವಾರ್ಷಿಕೋತ್ಸವ ಒಂದು ದಿನ, ಪ್ರವಾಸ ಒಂದು ದಿನ. ತರಗತಿಯ ಬಹುಪಾಲು ಮಕ್ಕಳಿಗೆ ಇಡೀ ವರ್ಷದಲ್ಲಿ ಇದು ಹತ್ತು ದಿನವನ್ನೂ ಮುಟ್ಟುವುದಿಲ್ಲ. ಜಿಲ್ಲೆ ದಾಟಿ ಮೈಸೂರು ವಿಭಾಗ, ರಾಜ್ಯ ಮಟ್ಟಕ್ಕೆ ಹೋಗುವವರು ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ. ಅವರಿಗೆ ತಪ್ಪಿದ ಪಾಠವನ್ನು ಬೇರೆಯಾಗಿ ಹೇಳಿಕೊಡುವುದು ಕಷ್ಟದ ಕೆಲಸವೇನಲ್ಲ.

ನಿಜವಾಗಿ ದಿನ ಹೋಗುವುದು ಬೇರೆ ಕಡೆ. ಜುಲೈ, ಆಗಸ್ಟಿನಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ ಮಳೆ ರಜೆ. ಅದನ್ನು ತುಂಬಲು ಶನಿವಾರ ಮಧ್ಯಾಹ್ನ, ಭಾನುವಾರ ತರಗತಿ ಇಟ್ಟರೆ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಶುರುವಾಗುತ್ತದೆ; ಅದು ಮುಗಿಯುವುದರೊಳಗೆ ರೊಬಸ್ಟಾ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಮಕ್ಕಳಲ್ಲಿ ಕೆಲವರು ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗುತ್ತಾರೆ, ಕೆಲವರು ಮನೆಯಲ್ಲಿ ಚಿಕ್ಕ ಮಗು ನೋಡಿಕೊಳ್ಳಲು ಉಳಿಯುತ್ತಾರೆ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಎಂಬುದು ಇವರಿಗೆ ಫೆಬ್ರವರಿಯಲ್ಲಿ ಗೊತ್ತಾಗುತ್ತದೆ. ಇಂಥ ಮಕ್ಕಳನ್ನು ಶಾಲೆಗೆ ಎಳೆದು ತರುವುದು ಯಾವುದು ಎಂದು ಯಾವ ಪಿ.ಟಿ. ಮೇಷ್ಟ್ರನ್ನು ಬೇಕಾದರೂ ಕೇಳಿ. ಕಬಡ್ಡಿ ತಂಡದಲ್ಲಿ ಹೆಸರಿರುವ ಹುಡುಗ ಹಣ್ಣು ಕೊಯ್ಯುವ ಕಾಲದಲ್ಲೂ ಶಾಲೆ ತಪ್ಪಿಸುವುದು ಕಡಿಮೆ. ತಂಡದಿಂದ ಹೆಸರು ತೆಗೆದರೆ ಅವನನ್ನು ಬೆಂಚಿಗೆ ಕಟ್ಟಿಹಾಕುವ ಹಗ್ಗ ಇನ್ನೊಂದಿಲ್ಲ.

ಸಂಜೆಯ ವಿಶೇಷ ತರಗತಿಯ ವಿಚಾರವನ್ನೂ ಇಲ್ಲೇ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಸಂಜೆ ಆರೂವರೆಯವರೆಗೆ ಮಕ್ಕಳನ್ನು ಕೂರಿಸಿಕೊಂಡರೆ, ಬಸ್ ಇಳಿದು ತೋಟದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ನಡೆಯುವ ಹೊತ್ತಿಗೆ ಕತ್ತಲು. ಅದು ಕಾಡಾನೆ ಓಡಾಡುವ ಹೊತ್ತು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ಮೊಬೈಲಿಗೆ ಬಂದಿರುತ್ತದೆ, ಆದರೆ ಆ ಮೊಬೈಲ್ ಮನೆಯಲ್ಲಿರುತ್ತದೆ, ಮಗು ರಸ್ತೆಯಲ್ಲಿರುತ್ತದೆ. ಎಲ್ಲರನ್ನೂ ಎಲ್ಲ ವಿಷಯಕ್ಕೂ ಸಂಜೆವರೆಗೆ ಕೂರಿಸುವ ಬದಲು, ಆಯಾ ರೂಪಣಾತ್ಮಕ ಪರೀಕ್ಷೆಯಲ್ಲಿ (ವರ್ಷದ ನಡುವಿನ ಕಿರುಪರೀಕ್ಷೆ) ಹಿಂದೆ ಬಿದ್ದವರನ್ನು ಮಾತ್ರ, ಆ ವಿಷಯಕ್ಕೆ ಮಾತ್ರ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ನಲವತ್ತು ನಿಮಿಷ ಕೂರಿಸಿದರೆ ಸಾಕು. ಎಂಟು ಹತ್ತು ಮಕ್ಕಳಿಗೆ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ ಮತ್ತು ಬಹುಲಕವನ್ನು ಕೈ ಹಿಡಿದು ಮಾಡಿಸಬಹುದು. ಅರವತ್ತು ಮಕ್ಕಳ ಗುಂಪಿಗೆ ಅದನ್ನು ಮೂರು ಗಂಟೆ ಹೇಳಿದರೂ ಹಿಂದಿನ ಬೆಂಚಿಗೆ ತಲುಪುವುದಿಲ್ಲ.

ಇನ್ನೊಂದು ಲೆಕ್ಕವನ್ನು ಪೋಷಕರು ಮರೆಯುತ್ತಾರೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ ಇರುವುದು 500. ಮೊದಲ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20, ಒಟ್ಟು 125 ಅಂಕ ಆಂತರಿಕ ಮೌಲ್ಯಮಾಪನದ್ದು. ಐದರಲ್ಲಿ ಒಂದು ಪಾಲು! ಆ ಅಂಕ ಮಗು ಮಾಡಿದ ಕೆಲಸಕ್ಕೆ ಸಿಗಬೇಕಾದದ್ದು. ಆಗುತ್ತಿರುವುದೇನು? ಗಡುವಿನ ಹಿಂದಿನ ರಾತ್ರಿ ಇಂಟರ್‌ನೆಟ್ ಸೆಂಟರಿನಲ್ಲಿ ಮುದ್ರಿಸಿದ ನಾಲ್ಕು ಹಾಳೆಗೆ ಬಣ್ಣದ ರಟ್ಟು ಹಾಕಿ ಪ್ರಾಜೆಕ್ಟ್ ಎಂದು ಕೊಡುವುದು. ಹತ್ತು ಮಕ್ಕಳ ಪ್ರಾಜೆಕ್ಟಿನಲ್ಲಿ ಒಂದೇ ಅಕ್ಷರ ತಪ್ಪು ಹತ್ತು ಸಲ ಇರುತ್ತದೆ. ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಗೆ ಮಾಡಿಕೊಂಡ ಟಿಪ್ಪಣಿಯನ್ನೇ ಕನ್ನಡದ ಚಟುವಟಿಕೆಯಾಗಿ, ಮೈದಾನದ ಅಳತೆಯನ್ನೇ ಗಣಿತದ ಚಟುವಟಿಕೆಯಾಗಿ ತೆಗೆದುಕೊಂಡರೆ ಒಂದೇ ಶ್ರಮ ಎರಡು ಕಡೆ ಸಲ್ಲುತ್ತದೆ.

ಮೈದಾನದ ಅಳತೆ ಎಂದೆವಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ‘ವೃತ್ತ’ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನಮಗೆ ಗೊತ್ತಿಲ್ಲ. ನಮ್ಮ ಊರುಗಳಲ್ಲಿ 400 ಮೀಟರಿನ ಮೈದಾನ ಇರುವ ಶಾಲೆ ಅಪರೂಪ. 200 ಮೀಟರ್ ಹಿಡಿಸಬಹುದು. 50 ಮೀಟರಿನ ಎರಡು ನೇರ ಗೆರೆ, ಎರಡು ತುದಿಗೂ 15.72 ಮೀಟರ್ ತ್ರಿಜ್ಯದ ಅರ್ಧವೃತ್ತ. ಓಡುವ ದಾರಿಯನ್ನು ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವುದರಿಂದ ಓಟದ ತ್ರಿಜ್ಯ 15.92 ಆಗುತ್ತದೆ, ಎರಡು ಅರ್ಧವೃತ್ತ ಸೇರಿ 100 ಮೀಟರ್, ನೇರ ದಾರಿ 100 ಮೀಟರ್. ನಾಲ್ಕು ಲೇನಿಗೆ ಸುಮಾರು 92 ಮೀಟರ್ ಉದ್ದ, 42 ಮೀಟರ್ ಅಗಲದ ಜಾಗ ಬೇಕು. ಲೇನಿನ ಅಗಲ 1.22 ಮೀಟರ್. ಈಗ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ: ಹೊರಗಿನ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು? ಒಂದು ಪೂರ್ತಿ ಸುತ್ತಿಗೆ ಲೆಕ್ಕ ಎರಡು ಪೈ ಗುಣಿಸು 1.22, ಅಂದರೆ ಒಂದೊಂದು ಲೇನಿಗೆ 7.67 ಮೀಟರ್. ಒಳಗಡೆ ಅಂಚುಕಟ್ಟೆ ಇರುವ ಮೈದಾನದಲ್ಲಿ ಮೊದಲ ಲೇನನ್ನು 30 ಸೆಂ.ಮೀ. ಹೊರಗೆ ಅಳೆಯುವುದರಿಂದ ಎರಡನೇ ಲೇನಿಗೆ ಮಾತ್ರ 7.04. ಬರೀ ಗೆರೆ ಎಳೆದ ನಮ್ಮ ಮೈದಾನಗಳಿಗೆ ಎಲ್ಲಕ್ಕೂ 7.67. ಲೆಕ್ಕದಲ್ಲಿ ಮೈದಾನದ ತ್ರಿಜ್ಯ ಎಲ್ಲೂ ಬರಲಿಲ್ಲ ಎಂಬುದನ್ನು ಯಾರಾದರೊಬ್ಬ ಹುಡುಗಿ ಗಮನಿಸಿಯೇ ಗಮನಿಸುತ್ತಾಳೆ. ‘ಹಂಗಾದ್ರೆ ದೊಡ್ಡ ಸ್ಟೇಡಿಯಮ್ಮಲ್ಲೂ ಇಷ್ಟೇನಾ ಸಾರ್?’ ಹೌದು, ಒಂದು ಸುತ್ತಿಗೆ ಅಲ್ಲೂ ಅಷ್ಟೇ. ಆ ಪ್ರಶ್ನೆ ಕೇಳಿದ ಮಗುವಿಗೆ ಪರಿಧಿಯ ಸೂತ್ರ ಮತ್ತೆ ಮರೆಯುವುದಿಲ್ಲ.

ಗೆರೆ ಎಳೆಯುವಾಗ ಎರಡು ತಪ್ಪು ಆಗುತ್ತವೆ. ಒಂದು, ನೈಲಾನ್ ಹಗ್ಗದಲ್ಲಿ ಅರ್ಧವೃತ್ತ ಎಳೆಯುವುದು. ಎಳೆದಂತೆ ಅದು ಹಿಗ್ಗುತ್ತದೆ, ಒಂದು ಕಡೆ ತ್ರಿಜ್ಯ ಒಂದು, ಇನ್ನೊಂದು ಕಡೆ ಇನ್ನೊಂದು. ಟೇಪನ್ನೇ ಗೂಟಕ್ಕೆ ಸಿಕ್ಕಿಸಿ ಎಳೆಯಬೇಕು, ಇಲ್ಲವೇ ಕಟ್ಟುವ ತಂತಿ ಬಳಸಬೇಕು. ಎರಡನೆಯದು ಅಪಾಯದ್ದು: ಗೆರೆಗೆ ನೀರು ಹಾಕಿ ಅರಳಿಸದ ಸುಣ್ಣದ ಪುಡಿ ಹಾಕುವುದು. ಮಳೆಯಲ್ಲಿ ಒದ್ದೆಯಾದ ಕಾಲಿಗೆ, ಬಿದ್ದಾಗ ಕಣ್ಣಿಗೆ ಅದು ತಾಗಿದರೆ ಸುಡುತ್ತದೆ. ಸೀಮೆಸುಣ್ಣದ ಪುಡಿಯನ್ನೇ ಬಳಸಬೇಕು. ಖರ್ಚು ಸ್ವಲ್ಪ ಹೆಚ್ಚಾದರೂ ಸರಿ.

ರಿಲೇಗೆ ನಮ್ಮ ಕಡೆಯ ಹುಡುಗಿಯರು ಗಟ್ಟಿ. ಆದರೂ ತಾಲ್ಲೂಕು ಮಟ್ಟದಲ್ಲಿ ಸೋಲುವುದು ಓಟದಲ್ಲಲ್ಲ, ಬ್ಯಾಟನ್ ಕೈ ಬದಲಿಸುವುದರಲ್ಲಿ. ಮಳೆಗಾಲದಲ್ಲಿ ಮೈದಾನ ಕೆಸರು ಎಂದು ಅಭ್ಯಾಸ ನಿಲ್ಲಿಸುವ ಅಗತ್ಯವಿಲ್ಲ. ಶಾಲೆಯ ಉದ್ದದ ವರಾಂಡ ಸಾಕು. 40 ಮಿ.ಮೀ. ಪಿವಿಸಿ ಪೈಪಿನ 29 ಸೆಂ.ಮೀ. ತುಂಡಿನ ಎರಡೂ ಬಾಯಿ ಉಜ್ಜಿ ನಯ ಮಾಡಿದರೆ ಬ್ಯಾಟನ್ ಸಿದ್ಧ. ನಾಲ್ವರು ಒಬ್ಬರ ಹಿಂದೆ ಒಬ್ಬರು ಕೈ ಚಾಚಿದಷ್ಟು ಅಂತರದಲ್ಲಿ ನಿಲ್ಲಲಿ. ಮೊದಲನೆಯವಳ ಬಲಗೈ, ಎರಡನೆಯವಳ ಎಡಗೈ, ಮೂರನೆಯವಳ ಬಲಗೈ, ನಾಲ್ಕನೆಯವಳ ಎಡಗೈ. ಹೀಗೆ ಮಾಡಿದರೆ ಯಾರೂ ಓಡುವಾಗ ಬ್ಯಾಟನನ್ನು ಕೈಯಿಂದ ಕೈಗೆ ಬದಲಿಸಬೇಕಿಲ್ಲ, ತಿರುವಿನಲ್ಲಿ ಓಡುವ ಒಂದನೆಯವಳು ಮತ್ತು ಮೂರನೆಯವಳು ಒಳಗೆರೆಗೆ ಒತ್ತಿಕೊಂಡೇ ಓಡಬಹುದು. ನಿಂತಲ್ಲೇ ಐವತ್ತು ಸಲ, ನಡೆಯುತ್ತ ಐವತ್ತು ಸಲ, ಆಮೇಲೆ ಮೆಲ್ಲನೆ ಓಡುತ್ತ. ‘ಹಾಂ’ ಎಂಬ ಕೂಗು ಕೇಳಿದ ಮೇಲೇ ಮುಂದಿನವಳ ಕೈ ಹಿಂದಕ್ಕೆ ಬರಬೇಕು. ಮೊದಲೇ ಕೈ ಚಾಚಿಕೊಂಡು ಓಡಿದರೆ ವೇಗ ಸಾಯುತ್ತದೆ. ಹಿಂತಿರುಗಿ ನೋಡಿದರೆ ಹೆಗಲು ತಿರುಗಿ ಲೇನ್ ತಪ್ಪುತ್ತದೆ.

ಮಳೆ ಬಿಟ್ಟ ಮೇಲೆ ಮೈದಾನದಲ್ಲಿ ಗುರುತಿನ ಅಭ್ಯಾಸ. ನಿಂತ ಜಾಗದಿಂದ ಹಿಂದಕ್ಕೆ ತನ್ನದೇ ಹದಿನೈದು ಪಾದ ಅಳೆದು ಗುರುತು ಹಾಕಿ, ಬರುವವಳು ಅದನ್ನು ತುಳಿದೊಡನೆ ಮುಂದಿನವಳು ಓಡಬೇಕು. ಬರುವವಳು ಹಿಂದಿನಿಂದ ಬಂದು ಡಿಕ್ಕಿ ಹೊಡೆದರೆ ಗುರುತನ್ನು ಎರಡು ಪಾದ ಹಿಂದಕ್ಕೆ ಸರಿಸಿ. ತಲುಪಲಾರದೆ ಹೋದರೆ ಎರಡು ಪಾದ ಮುಂದಕ್ಕೆ ತನ್ನಿ. 4x100 ಮೀಟರ್ ರಿಲೇಯ ಬದಲಾವಣೆ ವಲಯ ಈಗ 30 ಮೀಟರ್. ಕೆಲವು ಮೈದಾನಗಳಲ್ಲಿ ಹಳೆಯ 20 ಮೀಟರಿನ ಗುರುತೇ ಇರುತ್ತದೆ. ಓಟಕ್ಕೆ ಮುಂಚೆ ತೀರ್ಪುಗಾರರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು. ವಲಯದೊಳಗೆ ಇರಬೇಕಾದದ್ದು ಬ್ಯಾಟನ್, ಓಡುವವಳ ಕಾಲಲ್ಲ. ಬ್ಯಾಟನ್ ಬಿದ್ದರೆ ಬೀಳಿಸಿದವಳೇ ಎತ್ತಬೇಕು. ಗಾಬರಿಯಲ್ಲಿ ಇನ್ನೊಬ್ಬಳು ಎತ್ತಿಕೊಟ್ಟು ಇಡೀ ತಂಡ ಅನರ್ಹವಾಗುವುದನ್ನು ಪ್ರತಿ ವರ್ಷ ನೋಡುತ್ತೇವೆ. ಇದಕ್ಕೆಲ್ಲ ಬೇಕಾದ ಸಮಯ ದಿನಕ್ಕೆ ಅರ್ಧ ಗಂಟೆ, ಆರು ವಾರ. ಹತ್ತನೇ ತರಗತಿಯ ಹುಡುಗಿ ಇದರಿಂದ ಫೇಲಾಗುತ್ತಾಳೆಯೆ?

ತಾಲ್ಲೂಕು ಕೇಂದ್ರಕ್ಕೆ ತಂಡ ಹೊರಡಿಸುವಾಗ ಒಂದು ಸಣ್ಣ ವಿಷಯ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಹಣ ಬೇಡ, ಗುರುತಿನ ಚೀಟಿ ಕೈಯಲ್ಲಿದ್ದರಾಯಿತು. ಆದರೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಓಡುವುದರಲ್ಲಿ ಖಾಸಗಿ ಬಸ್ ಬಹಳ. ಅದರ ಖರ್ಚನ್ನು ಶಾಲೆ ಮೊದಲೇ ಎತ್ತಿಡದಿದ್ದರೆ ದುಡ್ಡಿಲ್ಲದ ಮನೆಯ ಮಗು ‘ಜ್ವರ’ ಎಂದು ಹೇಳಿ ಆ ದಿನ ಮನೆಯಲ್ಲೇ ಉಳಿಯುತ್ತದೆ.

ಪ್ರತಿಭಾ ಕಾರಂಜಿಯಲ್ಲಿ ಹಾಡು, ನೃತ್ಯಕ್ಕೆ ಸಿಗುವ ಗಮನ ಮಣ್ಣಿನ ಮಾದರಿಗೆ ಸಿಗುವುದಿಲ್ಲ. ಖರ್ಚಿಲ್ಲದ, ಬಡ ಮಕ್ಕಳ ಕೈ ಹರಿಯುವ ಸ್ಪರ್ಧೆ ಅದು. ಮಲೆನಾಡಿನ ಕೆಂಪು ಮಣ್ಣು ಇದಕ್ಕೆ ಆಗಿಬರುವುದಿಲ್ಲ. ಹರಳು ಹರಳಾಗಿ ಉದುರುತ್ತದೆ. ಕಡೂರು, ಅರಸೀಕೆರೆ ಕಡೆಯ ಕೆರೆ ಅಂಗಳದ ಜೇಡಿಮಣ್ಣು ತರಿಸಬೇಕು, ಇಲ್ಲವೇ ಗಣೇಶನ ಹಬ್ಬದ ಹೊತ್ತಿಗೆ ಮೂರ್ತಿ ಮಾಡುವವರ ಬಳಿ ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಒಂದು ಅಡಿ ಎತ್ತರದ ಮಾದರಿಗೆ ಮೂರು ನಾಲ್ಕು ಕೆ.ಜಿ. ಸಾಕು. ಕಲ್ಲು, ಬೇರು ಆರಿಸಿ, ನೆನೆಸಿ, ಹಲಗೆಯ ಮೇಲೆ ಬಡಿದು ಬಡಿದು ಗಾಳಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಹದವಾಗಿರುತ್ತದೆ. ಮಾದರಿ ಹಾಳಾಗುವುದು ಜೋಡಣೆಯಲ್ಲಿ. ಆನೆಯ ಸೊಂಡಿಲನ್ನು ಹಾಗೇ ಮೆತ್ತಿದರೆ ತೀರ್ಪುಗಾರರು ಬರುವ ಹೊತ್ತಿಗೆ ಅದು ಕಳಚಿ ಕೆಳಗೆ ಬಿದ್ದಿರುತ್ತದೆ. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಮಣ್ಣನ್ನು ಗಂಜಿಯಂತೆ ಕಲಸಿ ಹಚ್ಚಿ, ಒತ್ತಿ ಸೇರಿಸಿ, ಸೇರಿದ ಗೆರೆಯನ್ನು ಬೆರಳಿನಿಂದ ತೀಡಬೇಕು. ಕಾಲುಗಳನ್ನು ತೆಳ್ಳಗೆ ಮಾಡುವ ಆಸೆ ಬಿಡಬೇಕು. ಕೋಲಾಟ, ಜಾನಪದ ನೃತ್ಯದ ಬಗ್ಗೆ ಒಂದೇ ಮಾತು: ಬಾಡಿಗೆ ಉಡುಪಿಗೆ ಮಕ್ಕಳಿಂದ ತಲಾ ಮುನ್ನೂರು, ನಾನೂರು ಎತ್ತಬೇಡಿ. ಮನೆಯಲ್ಲಿರುವ ಇಳಕಲ್ಲೋ ಕಾಟನ್ನೋ ಸೀರೆ, ಒಂದೇ ಬಣ್ಣದ ಟವೆಲು ಸಾಕು. ಅಂಕ ಹೋಗುವುದು ಹೆಜ್ಜೆ ತಪ್ಪಿದ್ದಕ್ಕೆ.

ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಇನ್‌ಸ್ಪೈರ್ ಪ್ರಶಸ್ತಿ ಯೋಜನೆಯಿದೆ. ಶಾಲೆಯೊಂದು ಐದು ಆಲೋಚನೆಗಳವರೆಗೆ ಕಳಿಸಬಹುದು, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಮಾದರಿಯ ನಕಲು ಕಳಿಸಿದರೆ ಆಯ್ಕೆಯಾಗುವುದಿಲ್ಲ. ಕಾಫಿ ಕಣದಲ್ಲಿ ಮೋಡ ಕಂಡಾಗ ಟಾರ್ಪಾಲು ಬೇಗ ಎಳೆಯುವುದು ಹೇಗೆ, ಮೆಣಸಿನ ಬಳ್ಳಿಗೆ ಏಣಿ ಜಾರದಂತೆ ಇಡುವುದು ಹೇಗೆ ಎಂಬಂಥ, ಮನೆಯ ಕಷ್ಟದಿಂದ ಹುಟ್ಟಿದ ಆಲೋಚನೆಗೆ ಬೆಲೆ.

ಪ್ರವಾಸದ ವಿಚಾರದಲ್ಲಿ ಪೋಷಕರ ಭಯಕ್ಕೆ ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಆದರೆ ಅದಕ್ಕೆ ಉತ್ತರ ಪ್ರವಾಸವನ್ನೇ ನಿಲ್ಲಿಸುವುದಲ್ಲ. ಮೂರು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಏಳು ಊರು ಮುಟ್ಟುವ ಪ್ರವಾಸ ಬೇಡ. ಬೆಳಿಗ್ಗೆ ಏಳಕ್ಕೆ ಹೊರಟು ಕತ್ತಲಾಗುವ ಮುಂಚೆ ಮನೆ ಸೇರುವ ಪ್ರವಾಸ ಸಾಕು. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎರಡಕ್ಕೂ ನಡುವೆ ಇರುವುದು 16 ಕಿಲೋಮೀಟರ್. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹದಿನಾರು ಸಾಲಿನ ಶಾಸನದ ಪ್ರತಿಕೃತಿ ನಿಂತಿದೆ. ಬಾಳೆಹೊನ್ನೂರಿನಲ್ಲಿ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಿದೆ, ತರೀಕೆರೆ ಬಳಿ ಅಮೃತಾಪುರದ ದೇವಾಲಯವಿದೆ. ಈ ಜಿಲ್ಲೆಗಳ ಮಕ್ಕಳು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಮೈಸೂರಿನ ಮೃಗಾಲಯ ನೋಡಿರುತ್ತಾರೆ, ಹಲ್ಮಿಡಿ ನೋಡಿರುವುದಿಲ್ಲ. ನೀರಿರುವ ಜಾಗಕ್ಕೆ ಹೋಗಲೇಬೇಕಾದರೆ, ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕರು, ಪ್ರತಿ ಗುಂಪಿಗೂ ಹೆಸರಿನ ಪಟ್ಟಿ, ಬಸ್ ಹತ್ತುವಾಗಲೂ ಇಳಿಯುವಾಗಲೂ ಎಣಿಕೆ. ನೀರಿಗೆ ಇಳಿಯುವುದು ಬೇಡ ಎಂದರೆ ಬೇಡ, ‘ಕಾಲು ಮಾತ್ರ’ ಎಂಬ ರಿಯಾಯಿತಿಯೂ ಬೇಡ.

ಈಗ ಕಾಗದಪತ್ರದ ಮಾತು. ಇದು ಯಾರಿಗೂ ರುಚಿಸದ ಕೆಲಸ, ಆದರೆ ಮಗುವಿನ ಸಾಧನೆ ಉಳಿಯುವುದು ಕಾಗದದಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜನ್ಮ ದಿನಾಂಕಕ್ಕೂ ಹೆಸರಿಗೂ ಜೀವನಪೂರ್ತಿ ಆಧಾರ. ಪರೀಕ್ಷೆಗೆ ನೋಂದಣಿ ಮಾಡುವಾಗ ಕರಡು ಪಟ್ಟಿ ತೆಗೆದು ಪ್ರತಿ ಮಗುವಿನ ಮನೆಗೆ ಕಳಿಸಿ ಸಹಿ ಹಾಕಿಸಬೇಕು. ನಮ್ಮ ಕಡೆ ಸಾಮಾನ್ಯವಾಗಿ ಆಗುವ ತಪ್ಪುಗಳು ಇವು: ಶಾಲಾ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ ಅಥವಾ ಬಿಡಿಸಿ ಬರೆದದ್ದು, ‘ಗೌಡ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಯು, ಇನ್ನೊಂದು ಕಡೆ ಡಬ್ಲ್ಯು, ತಾಯಿಯ ಹೆಸರಿನಲ್ಲಿ ‘ಮ್ಮ’ ಬಿಟ್ಟುಹೋದದ್ದು. ಪೋಷಕರಿಗೆ ಓದಲು ಬಾರದಿದ್ದರೆ ಫೋನ್ ಮಾಡಿ ಅಕ್ಷರ ಅಕ್ಷರ ಓದಿ ಹೇಳಿ. ಅಂಕಪಟ್ಟಿ ಮುದ್ರಣವಾದ ಮೇಲೆ ಹೆಸರು ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕು. ಜನ್ಮ ದಿನಾಂಕವಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ.

ಕ್ರೀಡೆ, ಕಾರಂಜಿಯ ಪ್ರಮಾಣಪತ್ರಗಳಿಗೂ ಇದೇ ಎಚ್ಚರ ಬೇಕು. ಅವನ್ನು ಸ್ಪರ್ಧೆಯ ಸಂಜೆ ಗಡಿಬಿಡಿಯಲ್ಲಿ ಕೈಬರಹದಲ್ಲಿ ತುಂಬುತ್ತಾರೆ. ದಾಖಲೆಯಲ್ಲಿರುವಂತೆಯೇ ಹೆಸರು ಟೈಪ್ ಮಾಡಿದ ಚೀಟಿಯನ್ನು ತಂಡದ ಜೊತೆ ಹೋಗುವ ಶಿಕ್ಷಕರು ಕೈಯಲ್ಲಿಟ್ಟುಕೊಂಡು, ಬರೆಯುವವರ ಮುಂದೆ ಇಡಬೇಕು. ಸಹಿ ಮಾತ್ರ ಇದ್ದು ಮೊಹರಿಲ್ಲದ ಪ್ರಮಾಣಪತ್ರ ಮುಂದೆ ಎಲ್ಲೂ ನಡೆಯುವುದಿಲ್ಲ. ಅಲ್ಲೇ ಮೊಹರು ಹಾಕಿಸಿಕೊಂಡು ಬರಬೇಕು. ಸಿಇಟಿಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಕೋಟಾಗಳಿವೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅಲ್ಲೇ ಇನ್ನೆರಡು ಮೀಸಲಾತಿಗಳು ನಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದವು: ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಒಂದು ವರ್ಷ ತಪ್ಪಿದರೂ ಸಿಗುವುದಿಲ್ಲ. ಎರಡು ಮೂರು ಶಾಲೆ ಬದಲಿಸಿದ ಮಗುವಾದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಬೇಕು. ಇದನ್ನು ಎರಡು ವರ್ಷದ ನಂತರ, ಸಿಇಟಿ ಪರಿಶೀಲನೆಯ ಹಿಂದಿನ ದಿನ ಮಾಡಲು ಹೊರಟಾಗ ಹಳೆಯ ಶಾಲೆ ಮುಚ್ಚಿಹೋಗಿರುತ್ತದೆ. ಟಿ.ಸಿ. ಕೊಡುವ ದಿನವೇ ಇದನ್ನೂ ಕೊಟ್ಟು ಕಳಿಸಿದರೆ ಶಾಲೆಗೆ ಹೆಚ್ಚು ಹೊರೆಯಲ್ಲ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ನಾಡಕಚೇರಿಗೆ ಅರ್ಜಿಯನ್ನು ಮಾರ್ಚ್‌ಗೆ ಮುಂಚೆ ಹಾಕಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಆಗಲೇ ನೋಡಿಬಿಡಿ.

ವಾರ್ಷಿಕೋತ್ಸವವನ್ನು ಡಿಸೆಂಬರ್ ಒಳಗೆ ಮುಗಿಸುವುದು ಒಳ್ಳೆಯದು. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆಗಳು ಶುರು. ತರಗತಿಯ ಗುಂಪು ಫೋಟೋ ತೆಗೆಸಿದಾಗ, ಅಲ್ಲೇ ನಿಂತಿರುವ ಸಾಲಿನಂತೆ ಎಡದಿಂದ ಬಲಕ್ಕೆ ಹೆಸರು ಬರೆದುಕೊಂಡು ಫೋಟೋದ ಹಿಂದೆ ಅಂಟಿಸಬೇಕು. ಹತ್ತು ವರ್ಷದ ನಂತರ ಮುಖ ನೆನಪಿದ್ದು ಹೆಸರು ಹೊಳೆಯದ ಫೋಟೋ ಎಷ್ಟು ಶಾಲೆಯ ಗೋಡೆಯ ಮೇಲಿಲ್ಲ! ಬೀಳ್ಕೊಡುಗೆಗೆ ತಲಾ ಐನೂರು ಎತ್ತಿ ಕೇಕು, ಶಾಲೆಗೆ ಉಡುಗೊರೆ ಎಂದು ಹೊರಟರೆ ಕೊಡಲಾಗದ ಮಗು ಕೊನೆಯ ದಿನವೇ ಶಾಲೆಗೆ ಬರುವುದಿಲ್ಲ. ಪ್ರವೇಶಪತ್ರ ಕೊಡುವ ದಿನ ಬಿಸಿಯೂಟದ ಜೊತೆ ಒಂದು ಸಿಹಿ, ಎರಡು ಮಾತು, ಒಂಬತ್ತನೆಯವರಿಂದ ಒಂದು ಹಾಡು. ಅಷ್ಟರಲ್ಲಿ ಕಣ್ಣು ತುಂಬದಿದ್ದರೆ ಕೇಕಿನಿಂದ ತುಂಬುವುದಿಲ್ಲ.

ಕೊನೆಗೆ ಫಲಿತಾಂಶ, ಮತ್ತು ನಿಮ್ಮ ಪತ್ರಿಕೆಗೆ ಒಂದು ಮನವಿ. 2019ರಲ್ಲಿ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಜಿಲ್ಲೆಯ ಶಿಕ್ಷಕರಿಗೂ ಮಕ್ಕಳಿಗೂ ಅದು ಹೆಮ್ಮೆ, ನಮಗೂ ಹೆಮ್ಮೆ. ಆದರೆ ಜಿಲ್ಲೆಗಳ ಸ್ಥಾನಪಟ್ಟಿಯ ಓಟದಲ್ಲಿ ಶಾಲೆಗಳಿಗೆ ‘ಶೇ. 100’ ಎಂಬ ಫ್ಲೆಕ್ಸ್ ಗುರಿಯಾಗಿಬಿಟ್ಟಿದೆ. ಅದನ್ನು ಮುಟ್ಟಲು ಸುಲಭದ ದಾರಿ ಪಾಠವಲ್ಲ. ಓದಿನಲ್ಲಿ ಹಿಂದಿರುವ ಮಗುವಿಗೆ ಒಂಬತ್ತನೇ ತರಗತಿ ಮುಗಿದಾಗ ಟಿ.ಸಿ. ತೆಗೆದುಕೊಳ್ಳಲು ಸೂಚಿಸುವುದು, ‘ಹೊರಗಿನಿಂದ ಕಟ್ಟಿಸಿ’ ಎನ್ನುವುದು. ಹೀಗೆ ಹೊರಬಿದ್ದ ಮಗು ಯಾವ ಶೇಕಡಾವಾರಿನಲ್ಲೂ ಕಾಣುವುದಿಲ್ಲ.

ಮೇ ತಿಂಗಳಲ್ಲಿ ನೀವು ಶಾಲೆಗಳ ಫಲಿತಾಂಶ ಪ್ರಕಟಿಸುವಾಗ ಪಾಸಾದವರ ಶೇಕಡಾವಾರಿನ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನೂ ಕೇಳಿ ಹಾಕಿ: ಎರಡು ವರ್ಷದ ಹಿಂದೆ ಆ ಶಾಲೆಯ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಅದೇ ಶಾಲೆಯಿಂದ ಪರೀಕ್ಷೆ ಬರೆದರು. ಎಂಟರಲ್ಲಿ 48 ಮಕ್ಕಳಿದ್ದು ಹತ್ತರಲ್ಲಿ 31 ಮಂದಿ ಬರೆದು ಎಲ್ಲರೂ ಪಾಸಾದ ಶಾಲೆ, 48ರಲ್ಲಿ 46 ಮಂದಿ ಬರೆದು 41 ಮಂದಿ ಪಾಸಾದ ಶಾಲೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಈಗಿನ ಪಟ್ಟಿಯಲ್ಲಿ ಮೊದಲನೆಯದು ಮೇಲೆ. ಯಾವುದು ಹೆಚ್ಚು ಮಕ್ಕಳನ್ನು ದಡ ಸೇರಿಸಿತು ಎಂದು ಓದುಗರೇ ಎಣಿಸಿಕೊಳ್ಳುತ್ತಾರೆ.

2023-24ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೊದಲ ಪರೀಕ್ಷೆಯ ಫಲಿತಾಂಶದ ಮರುದಿನ 620 ದಾಟಿದವರ ಫೋಟೋ ಬರುತ್ತದೆ, ಬರಲಿ. ಆಮೇಲಿನ ಪರೀಕ್ಷೆಯ ಫಲಿತಾಂಶ ಬಂದ ದಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಗಣಿತವೊಂದರಲ್ಲಿ ಬಿದ್ದು, ತೋಟದ ಕೆಲಸದ ನಡುವೆ ಓದಿ, ಮಳೆಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಬಂದು ಪಾಸಾದ ಹುಡುಗನ ಊರು, ಶಾಲೆಯ ಹೆಸರನ್ನೂ ಅವನ ಒಪ್ಪಿಗೆ ಪಡೆದು ಹಾಕಿ. ಅದೇ ಪುಟದಲ್ಲಿ ಆ ವರ್ಷ ವಿಭಾಗ ಮಟ್ಟಕ್ಕೆ ಹೋದ ಖೋ-ಖೋ ತಂಡದ ಹತ್ತನೇ ತರಗತಿಯವರು ಎಷ್ಟು ಮಂದಿ, ಅವರೆಲ್ಲ ಪರೀಕ್ಷೆಯಲ್ಲಿ ಏನಾದರು ಎಂಬುದನ್ನೂ ಕೇಳಿ ಪ್ರಕಟಿಸಿ. ಮುಂದಿನ ಜೂನ್ ಪೋಷಕರ ಸಭೆಗೆ ಆ ಪುಟದ ಕತ್ತರಿಕೆಯನ್ನು ನಾವು ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇವೆ.

– ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಕೆಲವು ಪ್ರೌಢಶಾಲಾ ಶಿಕ್ಷಕರು